ಚುಕ್ಕಿ ತುಟಿಯ ಕಂಟ್ರೋಲರು

ನನ್ನ ಕೆಳತುಟಿಯ ಮೇಲೆ ಎರಡು ಕಪ್ಪು ಚುಕ್ಕೆಗಳಿವೆ. ಒಂದು ಸಾಸಿವೆ ಕಾಳಿನಷ್ಟು, ಇನ್ನೊಂದು ಅದಕ್ಕಿಂತ ತುಸು ದೊಡ್ಡದು. ಅವು ನೋಯುವುದಿಲ್ಲ, ತುರಿಸುವುದಿಲ್ಲ, ಯಾರ ಹೊಲಕ್ಕೂ ನುಗ್ಗಿ ಬೆಳೆ ಮೇಯ್ದಿಲ್ಲ. ತುಟಿ ನನ್ನದು, ಚುಕ್ಕೆಗಳೂ ನನ್ನವು. ಹೀಗಿದ್ದೂ ಹಿರೇಕೆರೂರು ತಾಲೂಕಿನ ಸಮಸ್ತ ಪ್ರಯಾಣಿಕರು ಹನ್ನೊಂದು ವರ್ಷ ಅವುಗಳ ಮೇಲೆ ಹಕ್ಕು ಸಾಧಿಸಿದರು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಗುತ್ತೆಪ್ಪ, ಹಿರೇಕೆರೂರು ಬಸ್ ಸ್ಟ್ಯಾಂಡಿನ ಕಂಟ್ರೋಲರು. ಈ ಹುದ್ದೆಗೆ ಕಂಟ್ರೋಲರು ಎಂದು ಹೆಸರಿಟ್ಟವನು ಯಾರೋ, ಸಿಕ್ಕರೆ ಎರಡು ಮಾತು ಕೇಳಬೇಕಾಗಿದೆ. ಏಕೆಂದರೆ ಅಲ್ಲಿ ನನ್ನ ಕಂಟ್ರೋಲಿನಲ್ಲಿ ಇದ್ದದ್ದು ಒಂದು ಕುರ್ಚಿ, ಒಂದು ಕಿಟಕಿ ಮತ್ತು ಗುದ್ದಿದರೆ ಮಾತ್ರ ಮಾತಾಡುವ ಒಂದು ಮೈಕು. ಬಸ್ಸುಗಳು ತಮ್ಮ ಮನಸ್ಸಿಗೆ ಬಂದಾಗ ಬರುತ್ತಿದ್ದವು. ಬಂದದ್ದನ್ನು ಪುಸ್ತಕದಲ್ಲಿ ಬರೆಯುವುದು, ಬಾರದ್ದನ್ನು ಜನರಿಗೆ ಹೇಳುವುದು, ಇಷ್ಟೇ ನನ್ನ ಅಧಿಕಾರ.

ಎಪ್ಪತ್ತೇಳನೆಯ ಇಸವಿಯ ಒಂದು ಸಂತೆಯ ದಿನ ಅಬಲೂರ ಬಸ್ಸು ಯಾವಾಗ ಬರುತ್ತದೆ ಎಂದು ಕೇಳಿ ಕೇಳಿ ಜನ ನನ್ನ ತಲೆ ತಿಂದರು. "ಬರಲಿಕ್ಕಿಲ್ಲ ಬಿಡ್ರಿ, ಎಲ್ಲೆರೆ ಕೆಟ್ಟು ನಿಂತಿರಬೇಕು" ಎಂದೆ. ಬೇಸರದಲ್ಲಿ ಬಾಯಿಗೆ ಬಂದ ಮಾತು. ಅರ್ಧ ತಾಸಿಗೆ ಸುದ್ದಿ ಬಂತು: ಬಸ್ಸು ಎಕ್ಸಲ್ ಮುರಿದುಕೊಂಡು ಜೋಳದ ಹೊಲದ ಬದುವಿಗೆ ಒರಗಿ ನಿಂತಿದೆ. ಒಬ್ಬ ಮುದುಕಿ ಕಿಟಕಿಯೊಳಗೆ ತಲೆ ತೂರಿಸಿ ನನ್ನ ಮುಖವನ್ನು ಸಾವಕಾಶ ನೋಡಿದಳು.

"ಅಯ್ಯ ನಮ್ಮವ್ವ! ಇವನ ತುಟಿ ನೋಡ್ರಿ, ಚುಕ್ಕಿ ಅದಾವು! ಇವ ಅಂದದ್ದು ಆಗತೈತಿ!"

ಕರಿನಾಲಗೆ ಇದ್ದವರು ಆಡಿದ್ದು ಹತ್ತುತ್ತದೆ, ನಿಜವಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಅದಕ್ಕೆ ನಾನು ಎಲ್ಲರ ಎದುರಿಗೆ ನಾಲಗೆ ಚಾಚಿ ತೋರಿಸಿದೆ. ಅದು ಸ್ವಚ್ಛವಾಗಿತ್ತು. ಮುದುಕಿ ಒಪ್ಪಲಿಲ್ಲ. "ನಾಲಿಗಿ ಮ್ಯಾಲಿನವು ಒಳಗ ಮುಚ್ಚಿಕೊಂಡಿರತಾವು. ಇವು ಹೊರಗ ಬಂದು ಕುಂತಾವ ಅಂದ್ರ ಎಷ್ಟು ಜೋರ ಇರಬೇಕು!" ಎಂದಳು. ಅಂದಿನಿಂದ ನಾನು ಗುತ್ತೆಪ್ಪ ಅಲ್ಲ, ಚುಕ್ಕಿ ತುಟಿಯ ಕಂಟ್ರೋಲರು.

ಆಮೇಲೆ ಬಸ್ಸಿನ ಟಯರು ಒಡೆದರೆ ನನ್ನ ತುಟಿ ಕಾರಣ. ಡ್ರೈವರನಿಗೆ ಹೊಟ್ಟೆನೋವು ಬಂದರೆ ನನ್ನ ತುಟಿ ಕಾರಣ. ಹಂಸಭಾವಿ ರಸ್ತೆಯಲ್ಲಿ ಎಮ್ಮೆ ಅಡ್ಡ ಮಲಗಿದರೂ ನನ್ನ ತುಟಿ ಕಾರಣ. ಎಮ್ಮೆಯ ಯಜಮಾನನನ್ನು ಯಾರೂ ಒಂದು ಮಾತು ಅನ್ನಲಿಲ್ಲ! ಕೊನೆಗೆ ನಾನೊಂದು ಉಪಾಯ ಮಾಡಿದೆ. ಹತ್ತುವುದಕ್ಕೆ ಏನೂ ಇರದಂಥ ಒಂದು ಮಾತನ್ನು ಹುಡುಕಿ, ಯಾರು ಏನು ಕೇಳಿದರೂ ಅದನ್ನೇ ಹೇಳತೊಡಗಿದೆ: "ಹೇಳಾಕ ಬರೂದಿಲ್ರಿ. ಹೊತ್ತಾದ್ರೂ ಬರತೈತಿ. ಕುಂದರ್ರಿ." ವರ್ಷಾನುಗಟ್ಟಲೆ ದಿನಕ್ಕೆ ನೂರು ಸಲ ಇದನ್ನೇ ಹೇಳಿ ಹೇಳಿ ಮನೆಯಲ್ಲಿ ಹೆಂಡತಿ ಮಂಜವ್ವ ಊಟಕ್ಕೆ ಎಷ್ಟು ರೊಟ್ಟಿ ಎಂದು ಕೇಳಿದರೂ ಬಾಯಿಂದ ಇದೇ ಬರುತ್ತಿತ್ತು. ಮಗಳು ಅನ್ನವ್ವ ಚಿಕ್ಕವಳಿದ್ದಾಗ ಗೊಂಬೆಗಳನ್ನು ಸಾಲಾಗಿ ಕೂಡಿಸಿ ಅವಕ್ಕೂ ಇದನ್ನೇ ಹೇಳುತ್ತಿದ್ದಳು.

ಇಷ್ಟರಲ್ಲೇ ಮುಗಿದಿದ್ದರೆ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಆದರೆ ಎಂಬತ್ತೆಂಟರ ಜನವರಿಯಲ್ಲಿ ಅನ್ನವ್ವನನ್ನು ನೋಡಲು ಹಾನಗಲ್ಲಿನಿಂದ ಬೀಗರು ಬಂದರು. ಹುಡುಗ ಫಕ್ಕೀರಪ್ಪ ಸಾಲಿ ಮಾಸ್ತರ. ನೆಲ ನೋಡಿ ಮಾತಾಡುವ ಸಭ್ಯ. ಅವನ ತಾಯಿ ತಿಪ್ಪವ್ವ ಮಾತ್ರ ನೆಲ ನೋಡುವ ಪೈಕಿ ಅಲ್ಲ. ಬಂದವರು ಒಟ್ಟು ಹನ್ನೊಂದು ಜನ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿದರು. ಚಹಾ ಆಯಿತು. ತಿಪ್ಪವ್ವ ಸೆರಗು ಹೊದ್ದುಕೊಂಡು ಎದ್ದು ನಿಂತು, "ಬೀಗರ, ಐದರ ಬಸ್ಸು ಸಿಗತೈತೇನ್ರಿ?" ಎಂದು ಕೇಳಿದಳು.

ಮಗಳ ಸಂಬಂಧ ಕೂಡಿಬಂದ ಖುಷಿಯಲ್ಲಿ ನಾನು ನನ್ನ ಕಾಯಂ ಮಾತನ್ನು ಮರೆತೆ. ಮನೆಗೆ ಬಂದವರನ್ನು ಉಪಚರಿಸುವ ಭರದಲ್ಲಿ, "ಐದರದ್ದು ಎಲ್ಲಿ ಬರತೈತ್ರಿ ಅವ್ವಾರ? ಇಲ್ಲೇ ವಸ್ತಿ ಮಾಡ್ರಿ" ಎಂದುಬಿಟ್ಟೆ.

ಐದರ ಬಸ್ಸು ಬರಲಿಲ್ಲ. ಮರುದಿನ ಡ್ರೈವರುಗಳ ಏನೋ ಸಂಪು, ಮುಷ್ಕರ ಎಂದು ಯಾವ ಬಸ್ಸೂ ಬರಲಿಲ್ಲ. ಹನ್ನೊಂದು ಜನ ಎರಡು ದಿನ ನಮ್ಮ ಮನೆಯಲ್ಲೇ ವಸ್ತಿ ಮಾಡಿದರು. ಎರಡನೆಯ ದಿನ ಊಟಕ್ಕೆ ಕೂತಾಗ ತಿಪ್ಪವ್ವ ಕೈಯಲ್ಲಿದ್ದ ತುತ್ತನ್ನು ಅಲ್ಲೇ ಹಿಡಿದುಕೊಂಡು ನನ್ನ ಬಾಯಿಯನ್ನೇ ನೋಡತೊಡಗಿದಳು. ನಾನು ಮೀಸೆಗೆ ಸಾರು ಹತ್ತಿರಬೇಕೆಂದು ಒರೆಸಿಕೊಂಡೆ. ಅವಳು ನೋಡುತ್ತಿದ್ದದ್ದು ಸಾರನ್ನಲ್ಲ.

ಹಾನಗಲ್ಲಿಗೆ ಹೋಗಿ ಎಂಟು ದಿನಕ್ಕೆ ಅವಳು ಹೇಳಿಕಳಿಸಿದಳು: "ಹುಡುಗಿ ಬಂಗಾರದಂಥಾಕಿ. ಆದ್ರ ಮದುವ್ಯಾಗ ಅಕ್ಕಿಕಾಳು ಬೀಳೂ ಹೊತ್ತಿನ್ಯಾಗ ಆ ತುಟಿಯಿಂದ ಎಡವಟ್ಟ ಮಾತು ಬಂತಂದ್ರ ನನ್ನ ಮಗನ ಗತಿ ಏನು? ಬೀಗರು ಆ ಚುಕ್ಕಿ ತಗಸಲಿ. ಇಲ್ಲಂದ್ರ ಈ ಸಂಬಂಧ ಬ್ಯಾಡ."

ನನ್ನ ಮಗಳ ಮದುವೆಗೆ ನನ್ನ ತುಟಿ ಅಡ್ಡ! ನಾನು ಮನೆಯಲ್ಲಿ ಹಾರಾಡಿದೆ. ಇಂಥ ಸಂಬಂಧ ಬೇಡವೇ ಬೇಡ ಎಂದು ಪಡಸಾಲೆಯಲ್ಲಿ ನಿಂತು ಘೋಷಿಸಿದೆ. ಅನ್ನವ್ವ ಫಕ್ಕೀರಪ್ಪನ ಫೋಟೋವನ್ನು ಪಂಚಾಂಗದೊಳಗೆ ಇಟ್ಟಿದ್ದಳು, ಮತ್ತು ಆ ದಿನಗಳಲ್ಲಿ ದಿನಕ್ಕೆ ಐದಾರು ಸಲ ಪಂಚಾಂಗ ನೋಡುತ್ತಿದ್ದಳು. ಅಮಾವಾಸ್ಯೆ ಎಂದಿದೆ ಎಂದು ಕೇಳಿದರೆ ಮಾತ್ರ ಅವಳಿಗೆ ಗೊತ್ತಿರುತ್ತಿರಲಿಲ್ಲ. ಅದನ್ನು ಕಂಡ ಮೇಲೆ ನಾನು ಹಾರಾಟ ನಿಲ್ಲಿಸಿ ಹುಬ್ಬಳ್ಳಿಗೆ ಹೋದೆ.

ಹುಬ್ಬಳ್ಳಿಯ ಚರ್ಮದ ಡಾಕ್ಟರರು ದೊಡ್ಡ ಭೂತಗನ್ನಡಿ ಹಿಡಿದು ಚುಕ್ಕೆಗಳನ್ನು ನೋಡಿದರು. "ಏನೂ ಇಲ್ರಿ ಇದು. ರೋಗ ಅಲ್ಲ, ರುಜಿನ ಅಲ್ಲ, ಬರೇ ಬಣ್ಣ. ತುಟಿ ಮ್ಯಾಲೆ ಹಿಂಗ ಬರತಾವು, ಇರತಾವು. ಯಾಕ ತಗಸ್ತೀರಿ?"

"ಬಸ್ಸು ತಡಾ ಆಗತಾವ್ರಿ" ಎಂದೆ.

ಡಾಕ್ಟರರು ಕನ್ನಡಕ ತೆಗೆದು ಕೆಳಗಿಟ್ಟು ನನ್ನ ನಾಡಿ ಹಿಡಿದರು. ನಾನು ಎಪ್ಪತ್ತೇಳರ ಎಕ್ಸಲಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದ ಮೇಲೆ ಅವರು ಬಹಳ ಹೊತ್ತು ಕಿಟಕಿಯ ಕಡೆ ಮುಖ ಮಾಡಿ ನಿಂತರು. ಅವರ ಭುಜ ಅಲುಗುತ್ತಿತ್ತು. ಆಮೇಲೆ ಹೇಳಿದರು: "ತಗಸಬೇಕ ಅಂದ್ರ ಮುಂಬಯಿಯಾಗ ಲೇಸರ್ ಅಂತ ಹೊಸಾ ಯಂತ್ರ ಬಂದೈತ್ರಿ. ಸಣ್ಣ ಬೆಳಕಿನ ಗೆರಿ ಬಿಟ್ಟು ಚುಕ್ಕಿಯಷ್ಟನ್ನ ಸುಡತಾರ. ಚೀಟಿ ಬರದು ಕೊಡ್ತೇನಿ." ಚೀಟಿ ಮುಂಬಯಿಗೆ ಹೋಗಿ, ತಿಂಗಳೊಪ್ಪತ್ತಿನಲ್ಲಿ ಉತ್ತರ ಬಂತು. ಮೇ ಐದಕ್ಕೆ ಬರಬೇಕು. ಹಾನಗಲ್ಲಿಗೆ ಈ ಸುದ್ದಿ ಮುಟ್ಟಿಸಿದೆ. ತಿಪ್ಪವ್ವ ಸಮಾಧಾನಪಟ್ಟು ಮೇ ಇಪ್ಪತ್ತೆರಡಕ್ಕೆ ಮದುವೆ ಗೊತ್ತು ಮಾಡಿದಳು.

ಕಾಗದ ಬಂದ ದಿನ ಮಂಜವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿ ಬಡಿಯುವಾಗ ಅವಳ ಜೊತೆ ಮಾತಾಡಬಾರದು ಎಂಬುದು ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನಾನು ಕಲಿಯಬೇಕಾಗಿದ್ದ ಪಾಠ. ನಾನು ಬಾಗಿಲಲ್ಲೇ ನಿಂತು, "ಮುಂಬಯಿಗೆ ಹೋಗಿ ತುಟಿಗೆ ಲೇಸರ್ ಮಾಡಸ್ತೇನಿ" ಎಂದೆ.

"ಏನ್ ಮಾಡಸ್ತೀರಿ?"

"ಲೇಸರ್! ಲೇಸರ್!"

ರೊಟ್ಟಿಯ ಬಡಿತ ನಿಂತಿತು. "ತುಟಿಗೆ ರೇಜರ್ ಹಚ್ಚಸ್ತಾರಂತ!" ಎಂದು ಅವಳು ಹಿಟ್ಟಿನ ಕೈಯಲ್ಲೇ ಎದ್ದಳು. ನಾನು ಕಾಲು ತೊಳೆದುಕೊಂಡು ಒಳಗೆ ಬರುವಷ್ಟರಲ್ಲಿ ಸುದ್ದಿ ಗೋಡೆಯಾಚೆ ಹೋಗಿತ್ತು. ಸಂಜೆಯ ಹೊತ್ತಿಗೆ ಕಂಟ್ರೋಲರು ಮುಂಬಯಿಗೆ ಹೋಗಿ ರೇಜರಿನಿಂದ ಕೆಳತುಟಿ ಕೊಯ್ಯಿಸಿಕೊಳ್ಳುತ್ತಾರೆ ಎಂದು ಊರೆಲ್ಲ ಆಗಿತ್ತು. ಪಕ್ಕದ ಮನೆಯ ಕನ್ನಡ ಮಾಸ್ತರರು ಕಳವಳದಿಂದ ಓಡಿಬಂದರು.

"ಗುತ್ತೆಪ್ಪನವರ, ವಿಚಾರ ಮಾಡ್ರಿ. ತುಟಿ ಹೋದ್ರ ಪ ಫ ಬ ಭ ಮ ಐದೂ ಹೋಗತಾವು. ಹಾನಗಲ್ಲ ಅನಬಹುದು. ಹಂಸಭಾವಿ ಹೆಂಗ ಅಂತೀರಿ?"

"ಮಾಸ್ತರ, ತುಟಿ ಕೊಯ್ಯೂದಿಲ್ರಿ!"

"ಅಷ್ಟ ಯಾಕ, ಬಸ್ಸು ಅನ್ನಾಕ ತುಟಿ ಬೇಕಲ್ರಿ! ಮೈಕಿನ್ಯಾಗ ಅಸ್ಸು ಅಸ್ಸು ಅಂದ್ರ ಯಾರು ಹತ್ತತಾರ?"

ಮರುದಿನ ಬೆಳಿಗ್ಗೆ ಗಡ್ಡಕ್ಕೆ ಉಳವಪ್ಪನ ಕಟಿಂಗ್ ಅಂಗಡಿಗೆ ಹೋದೆ. ಉಳವಪ್ಪ ನನ್ನನ್ನು ನೋಡಿದವನೇ ಕುರ್ಚಿಯ ಮೇಲೆ ಟವೆಲು ಹಾಸಿ ಜಾಗ ಹಿಡಿದುಬಿಟ್ಟ.

"ಕುಂದರಬ್ಯಾಡ್ರಿ."

"ಯಾಕೋ ಉಳವಪ್ಪಾ?"

"ಇಪ್ಪತ್ತೆರಡು ವರ್ಷ ಆತ್ರಿ ನಿಮ್ಮ ಗಡ್ಡಾ ಹೆರಿಯಾಕತ್ತು. ಒಂದು ದಿನಾರ ರಕ್ತ ತಗದೇನೇನ್ರಿ? ಇವತ್ತ ಎರಡು ಚುಕ್ಕಿ ಕೆರಿಯಾಕ ನಿಮಗ ಮುಂಬಯಿ ರೇಜರ್ ಬೇಕಾತೇನ್ರಿ?"

"ರೇಜರ್ ಅಲ್ಲೋ ಮಾರಾಯಾ, ಲೇಸರ್!"

"ಭಾಳ ಕಂಪನೀವು ಕಂಡೇನ್ರಿ ನಾ. ಕಂಪನಿ ಯಾವದಿದ್ರ ಏನು, ಹಿಡಿಯೋ ಕೈ ಮುಖ್ಯ."

"ಅದು ಬೆಳಕೋ ಉಳವಪ್ಪಾ! ಬರೇ ಬೆಳಕು!"

"ಬೆಳಕಿಲ್ಲ ಅಂತ ಒಂದು ಮಾತು ಹೇಳಿದ್ರ ಕುರ್ಚಿ ಎತ್ತಿ ಬಾಗಲದಾಗ ಹಾಕ್ತಿದ್ದಿಲ್ಲೇನ್ರಿ?" ಎಂದವನ ಕಣ್ಣಲ್ಲಿ ನೀರೇ ಬಂತು. ಅವನು ನನಗೆ ಗಡ್ಡ ಮಾಡಲು ಖಡಾಖಂಡಿತ ನಿರಾಕರಿಸಿದ. ಊರಿನ ಇನ್ನೊಂದು ಅಂಗಡಿ ಅವನ ಅಳಿಯನದು, ಅವನೂ ನಿರಾಕರಿಸಿದ. ಮನೆಯಲ್ಲಿ ನಾನೇ ಮಾಡಿಕೊಳ್ಳೋಣವೆಂದರೆ, ಮಂಜವ್ವ ರೇಜರನ್ನು ಎಲ್ಲೋ ಬಚ್ಚಿಟ್ಟಿದ್ದಳು. ತುಟಿ ಕೊಯ್ದುಕೊಳ್ಳಲು ನಾನು ಮುಂಬಯಿಯವರೆಗೆ ಕಾಯಲಿಕ್ಕಿಲ್ಲ ಎಂದು ಅವಳಿಗೆ ಅನುಮಾನ.

ಹೀಗಾಗಿ ನಾಲ್ಕು ದಿನದ ಗಡ್ಡ ಹೊತ್ತು ನಾನು ರಜೆ ಕೇಳಲು ದೊಡ್ಡ ಸಾಹೇಬರ ಕಚೇರಿಗೆ ಹೋದೆ. ಅರ್ಜಿಯಲ್ಲಿ ನಾನು ಲೇಸರ್ ಎಂದೇ ಬರೆದುಕೊಟ್ಟಿದ್ದೆ. ಟೈಪು ಮಾಡುವ ಮಹಾನುಭಾವ ಅದು ತಪ್ಪಿರಬೇಕೆಂದು ತಾನೇ ತಿದ್ದಿ ರೇಜರ್ ಎಂದು ಹೊಡೆದಿದ್ದ. ಸಾಹೇಬರು ಅರ್ಜಿ ಓದಿದರು. ನನ್ನ ಗಡ್ಡ ನೋಡಿದರು. ಮತ್ತೆ ಅರ್ಜಿ ಓದಿದರು.

"ಎಂಟು ದಿನಾ ಏನ್ರಿ?"

"ಹೋಗಿ ಬರಾಕ ಬೇಕಲ್ರಿ ಸಾಹೇಬ್ರ."

"ನೋಡ್ರಿ, ನನ್ನ ಕೈಯಾಗ ನಾಲ್ಕುನೂರು ಮಂದಿ ಅದಾರ. ಗಡ್ಡಾ ಎಲ್ಲಾರಿಗೂ ಬೆಳೀತೈತಿ. ಎಲ್ಲಾರೂ ಎಂಟೆಂಟು ದಿನಾ ಮುಂಬಯಿಗೆ ಹೊಂಟ್ರ ಬಸ್ಸು ಯಾರು ಬಿಡಬೇಕು?"

ನಾನು ತುಟಿ ಮುಂದೆ ಮಾಡಿ ತೋರಿಸಿ, ಡಾಕ್ಟರರ ಚೀಟಿಯನ್ನೂ ತೋರಿಸಿ, ಕಥೆಯನ್ನೆಲ್ಲ ಹೇಳಿದೆ. ಓದಿದವರು, ನಕ್ಕುಬಿಡುತ್ತಾರೆ ಎಂದುಕೊಂಡೆ. ಸಾಹೇಬರು ನಗಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿ ಬಂದು, ದನಿ ಇಳಿಸಿ ಕೇಳಿದರು: "ಖರೇನ ನೀವು ಅಂದದ್ದು ಆಗತೈತೇನ್ರಿ?"

"ಛೆ ಛೆ! ಎಲ್ಲಾ ಸುಳ್ಳು ಸಾಹೇಬ್ರ!"

"ಇರಲಿ. ತಗಸೂಕಿಂತ ಮುಂಚೆ ಒಂದ ಸಲ, ನನ್ನ ಬದಲಿ ಧಾರವಾಡಕ್ಕ ಆಗತೈತಿ ಅನ್ರಿ."

"ಸಾಹೇಬ್ರ, ನೀವು ಕಲತವರು..."

"ಅದಕ್ಕ ಬಾಗಲಾ ಹಾಕೇನಿ. ಅನ್ರಿ."

ಅಂದೆ. ಅವರು ರಜೆಗೆ ಸಹಿ ಹಾಕಿದರು. ಮೂರನೆಯ ದಿನ ಅವರಿಗೆ ಧಾರವಾಡಕ್ಕೆ ಬದಲಿಯಾಯಿತು! ಆ ಆದೇಶ ತಿಂಗಳ ಹಿಂದೆಯೇ ಮೇಲಿನ ಕಚೇರಿಯಲ್ಲಿ ತಯಾರಾಗಿ ಕೂತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಆದರೆ ಅದನ್ನು ಕೇಳುವವರು ಯಾರು? ಸಾಹೇಬರು ಪೇಡೆ ಹಂಚುತ್ತ ನನ್ನ ಹೆಸರು ಹೇಳಿ ಹೋದರು.

ಅಲ್ಲಿಯವರೆಗೆ ನನ್ನ ಕಿಟಕಿಯ ಮುಂದೆ ಜನ ಬೈಯಲು ಬರುತ್ತಿದ್ದರು. ಈಗ ಸಾಲು ಹಚ್ಚಿ ನಿಲ್ಲತೊಡಗಿದರು. ರೇಜರ್ ಬೀಳುವುದರೊಳಗೆ ಎಲ್ಲರಿಗೂ ಒಂದೊಂದು ಮಾತು ಬೇಕಾಗಿತ್ತು. ಒಬ್ಬನಿಗೆ ಮಗ ಮೆಟ್ರಿಕ್ ಪಾಸಾಗಬೇಕು. ಇನ್ನೊಬ್ಬನಿಗೆ ಮಾರಿದ ಎತ್ತು ಹೊಸ ಯಜಮಾನನ ಮನೆಯಲ್ಲಿ ಕುಂಟಬೇಕು. ಎಪ್ಪತ್ತೇಳರ ಆ ಮುದುಕಿ ಇನ್ನೂ ಗಟ್ಟಿಯಾಗಿದ್ದಳು. ಸೊಸೆ ಮೂಕಿಯಾಗಲಿ ಎಂದು ಹೇಳಿಸಿಕೊಳ್ಳಲು ಬುತ್ತಿ ಕಟ್ಟಿಕೊಂಡು ಬಂದಿದ್ದಳು.

ನನ್ನ ಪಿತ್ತ ನೆತ್ತಿಗೇರಿತು. ಕುರ್ಚಿಯ ಮೇಲೆ ಹತ್ತಿ ನಿಂತು ಮೈಕನ್ನು ಗುದ್ದಿದೆ.

"ನಾಚಿಕಿ ಬರಬೇಕು ನಿಮಗ! ಹನ್ನೊಂದು ವರ್ಷ ಈ ತುಟೀನ ಬೈದ್ರಿ. ಮಾರಿ ನೋಡಿದ್ರ ಬಸ್ಸು ಬರೂದಿಲ್ಲಂತ ಕಿಟಕಿಗೆ ಬೆನ್ನು ಮಾಡಿ ನಿಂತ್ರಿ. ಇಷ್ಟು ದಿನದಾಗ ಒಬ್ಬರಾರ ಬಂದು, ಗುತ್ತೆಪ್ಪಾ, ಒಂದು ಚಲೋ ಮಾತು ಅನ್ನು ಅಂದೀರೇನು? ಈಗ ಹೊಂಟಾಗ ಬಂದೀರಿ!"

ಜನ ಗಂಭೀರವಾಗಿ ಕೇಳಿ, ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಬಂದರು.

ಸ್ಟ್ಯಾಂಡಿನಲ್ಲಿ ಸವಣೂರ ವೀಳ್ಯದೆಲೆ ಮಾರುವ ಚಮನಬಿ ಮಾತ್ರ ಸಾಲು ಬಿಟ್ಟು ದೂರ ನಿಂತಿದ್ದಳು. ಇಷ್ಟು ವರ್ಷದಲ್ಲಿ ನನ್ನ ತುಟಿಯ ಬಗ್ಗೆ ಒಂದು ಮಾತು ಆಡದವಳು ಅವಳೊಬ್ಬಳೇ. ಜನ ಕರಗಿದ ಮೇಲೆ ಬುಟ್ಟಿ ಇಳಿಸಿ ಕಿಟಕಿಯ ಹತ್ತಿರ ಬಂದಳು. "ಸಾಹೇಬ್ರ, ಸವಣೂರಾಗ ನನ್ನ ಮಗಳದು ಚೊಚ್ಚಲ ಹೆರಿಗಿ ಐತ್ರಿ. ಚುಕ್ಕಿಪಿಕ್ಕಿ ನನಗ ಗೊತ್ತಿಲ್ಲ. ನಿಮಗೂ ಮಗಳು ಅದಾಳ, ಅದಕ್ಕ ಕೇಳಾಕತ್ತೇನಿ" ಎಂದಳು. ನಾನು, "ಸುಸೂತ್ರ ಆಗತೈತಿ, ಚಮನಬಿ, ಹೋಗು" ಎಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಎಂಟು ದಿನಕ್ಕೆ ಅವಳ ಮಗಳು ಗಂಡು ಹಡೆದಳು. ಇದಂತೂ ಊರಿನ ಅನುಮಾನವನ್ನೆಲ್ಲ ಪೂರ್ತಿ ತೀರಿಸಿತು.

ಮೇ ಮೂರರಂದು, ನಾನು ಮುಂಬಯಿಗೆ ಹೊರಡುವ ಹೊತ್ತಿಗೆ ಸರಿಯಾಗಿ, ತಿಪ್ಪವ್ವ ಹಾನಗಲ್ಲ ಬಸ್ಸಿನಿಂದ ಇಳಿದು ನೆಟ್ಟಗೆ ನಮ್ಮ ಮನೆಗೆ ಬಂದಳು. ಚಪ್ಪಲಿ ಬಿಡುವುದಕ್ಕೂ ನಿಲ್ಲಲಿಲ್ಲ.

"ಬೀಗರ, ತುಟಿಗೆ ಕೈ ಹಚ್ಚಬ್ಯಾಡ್ರಿ!"

"ಯಾಕ್ರಿ ಅವ್ವಾರ? ನೀವ ಅಲ್ಲೇನ್ರಿ ತಗಸ್ರಿ ಅಂದವರು?"

"ಚಲೋ ಮಾತೂ ಹತ್ತತೈತಿ ಅಂತ ಆಗ ಗೊತ್ತಿದ್ದಿಲ್ಲ. ಅಕ್ಕಿಕಾಳು ಬೀಳೂ ಹೊತ್ತಿಗೆ ನೀವು ಎಲ್ಲಾರಿಗೂ ಕೇಳೂ ಹಂಗ ಅನಬೇಕು. ಸುಖವಾಗಿರ್ರಿ, ಒಂದು ವರ್ಷದಾಗ ಗಂಡು ಆಗಲಿ, ನನ್ನ ಮೊಣಕಾಲ ನೋವು ಹೋಗಲಿ ಅಂತ. ಅನ್ನೂತನಕ ಆ ಚುಕ್ಕಿ ಅಲ್ಲೇ ಇರಬೇಕು."

"ಮದುವಿ ಮಂತ್ರದಾಗ ನಿಮ್ಮ ಮೊಣಕಾಲು ಎಲ್ಲಿಂದ ಬಂತ್ರಿ?"

"ಚುಕ್ಕಿ ಇಲ್ಲಂದ್ರ ಮದುವಿ ಇಲ್ಲ!" ಎಂದು ತಿಪ್ಪವ್ವ ಅದೇ ಮೊಣಕಾಲನ್ನು ಮಡಚಿ ನಮ್ಮ ಪಡಸಾಲೆಯಲ್ಲಿ ಕೂತುಬಿಟ್ಟಳು.

ಜನವರಿಯಲ್ಲಿ ಚುಕ್ಕೆ ಇದ್ದರೆ ಮದುವೆ ಇಲ್ಲ, ಮೇ ತಿಂಗಳಲ್ಲಿ ಚುಕ್ಕೆ ಇಲ್ಲದಿದ್ದರೆ ಮದುವೆ ಇಲ್ಲ. ನಾನು ಮನುಷ್ಯನೋ ಅಥವಾ ಬಸ್ಸಿನ ಹಣೆಯ ಮೇಲೆ ಊರಿಗೊಂದರಂತೆ ಬದಲಿಸುವ ಬೋರ್ಡೋ? "ಇವತ್ತ ಹೋಗ್ತೇನಿ, ಸುಡಿಸಿಕೊಂಡ ಬರ್ತೇನಿ! ಯಾರ ಮಾತೂ ಕೇಳೂದಿಲ್ಲ!" ಎಂದು ಕೂಗಿದೆ. ಮಂಜವ್ವ ಅಳತೊಡಗಿದಳು. ತಿಪ್ಪವ್ವ ಎದ್ದು ಸೆರಗು ಕೊಡವಿದಳು.

ಅನ್ನವ್ವ ಒಳಗಿನಿಂದ ನನ್ನ ಚೀಲ ತಂದು ಕೈಯಲ್ಲಿಟ್ಟಳು. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಹೊದೆಯಲು ದುಪ್ಪಟಿ ಎಲ್ಲ ಇದ್ದವು. "ತುಟಿ ನಿಂದು ಐತಿ, ಅಪ್ಪಾ. ಹೋಗಿ ಬಾ" ಎಂದಳು. ತಿಪ್ಪವ್ವನ ಎದುರಿಗೇ ಹೇಳಿದಳು. ನನ್ನ ಮಾತನ್ನು ನನಗೇ ಹೇಳಿದ ಮೊದಲನೆಯವಳು ಅವಳೇ. ನಾನು ಹಿಂದಿರುಗಿ ನೋಡದೆ ನಡೆದೆ.

ಮುಂಬಯಿ ಬಸ್ಸನ್ನು ಶಿಗ್ಗಾಂವದಲ್ಲಿ ಹಿಡಿಯಬೇಕು. ಅದು ಬೆಂಗಳೂರಿನಿಂದ ಬಂದು ಹೆದ್ದಾರಿಯಲ್ಲಿ ನಾಲ್ಕಕ್ಕೆ ಸಿಗುತ್ತದೆ. ನಾಲ್ಕಾಯಿತು, ನಾಲ್ಕೂವರೆ ಆಯಿತು, ಐದಾಯಿತು. ಬಸ್ಸಿಲ್ಲ. ಬಿಸಿಲಿಗೆ ಕಾದ ತಗಡಿನ ಕೆಳಗೆ ಜನರ ಜೊತೆ ನಾನೂ ನಿಂತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಹೊರಗಡೆ ನಿಂತು ಕಾಯುವುದು ಎಂಥ ಹಿಂಸೆ ಎಂಬುದು ನನಗೆ ಅಂದೇ ಗೊತ್ತಾಯಿತು. ಕೊನೆಗೆ ತಡೆಯಲಾರದೆ ಕಿಟಕಿಗೆ ನುಗ್ಗಿ, "ಏನ್ರಿ ಕಂಟ್ರೋಲರ್ ಸಾಹೇಬ್ರ, ಮುಂಬಯಿ ಬಸ್ಸು ಎಲ್ಲಿ ಸತ್ತೈತಿ?" ಎಂದು ಗದರಿದೆ.

ಒಳಗಿದ್ದವನು ಇಪ್ಪತ್ತೈದರ ಪ್ರಾಯದ ಹೊಸಬ. ಮೆಲ್ಲಗೆ, "ಇವತ್ತ ಹೇಳಾಕ ಬರೂದಿಲ್ರಿ" ಎಂದ.

ಹೇಳಲು ನಾಚಿಕೆಯಾಗುತ್ತದೆ. ಆ ಮಾತು ಕೇಳಿದ ಕೂಡಲೇ ನಾನು, ಗುತ್ತೆಪ್ಪ, ಮೊದಲು ನೋಡಿದ್ದು ಅವನ ತುಟಿಯನ್ನು.

ತುಟಿಯ ಮೇಲೆ ಏನೂ ಇರಲಿಲ್ಲ. ಒಂದು ಚುಕ್ಕೆ ಇಲ್ಲ, ಒಂದು ಗೆರೆ ಇಲ್ಲ, ತೊಳೆದಿಟ್ಟಂತಿತ್ತು. ಆದರೂ ಬಸ್ಸು ಬಂದಿರಲಿಲ್ಲ. ನನ್ನ ಬೆನ್ನ ಹಿಂದೆ ಒಬ್ಬ ಹೆಂಗಸು, "ಬಸ್ಸರೆ ಹೆಂಗ ಬಂದೀತವಾ? ಅವನ ಕೈ ನೋಡ್ರಿ, ಆರು ಬೆರಳು ಅದಾವು!" ಎಂದಳು. ಹುಡುಗ ಥಟ್ಟನೆ ಬಲಗೈಯನ್ನು ಮೇಜಿನ ಕೆಳಗೆ ಇಳಿಸಿಕೊಂಡು ಎಡಗೈಯಿಂದ ಪುಸ್ತಕ ಬರೆಯತೊಡಗಿದ. ಎಡಗೈ ಬರಹ ಚೆನ್ನಾಗಿಯೇ ಇತ್ತು. ಬಹಳ ದಿನದ ಅಭ್ಯಾಸ ಇರಬೇಕು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲಾರೆ, ಆದರೆ ಅಂಥ ಸಿಟ್ಟು ಅದಕ್ಕೂ ಮೊದಲು ಬಂದಿರಲಿಲ್ಲ. ಆ ಹೆಂಗಸಿನ ಕಡೆ ತಿರುಗಿ, "ಬಸ್ಸು ಬೆರಳಿನ ಮ್ಯಾಲೆ ಓಡೂದಿಲ್ಲವಾ, ಡಿಜಲ್ ಮ್ಯಾಲೆ ಓಡತೈತಿ!" ಎಂದು ಕಿರುಚಿದೆ. ಹುಡುಗನಿಗೆ, "ತಮ್ಮಾ, ಕೈ ಮ್ಯಾಲೆ ಇಡು" ಎಂದೆ. ಅಷ್ಟರಲ್ಲಿ ಮುಂಬಯಿ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಕಂಡಕ್ಟರ್ ನನ್ನನ್ನು ಎರಡು ಸಲ ಕರೆದ. ಲೇಸರ್ ಹೊಡೆಸಿ ತುಟಿ ಸ್ವಚ್ಛ ಮಾಡಿಕೊಂಡು ಬಂದರೆ ಹಿರೇಕೆರೂರಿನವರು ನನ್ನ ಕಿವಿಯಲ್ಲೋ ಮೂಗಿನಲ್ಲೋ ಏನಾದರೊಂದು ಹುಡುಕದೆ ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು. ನಾನು ಹತ್ತಲಿಲ್ಲ. ರಸ್ತೆ ದಾಟಿ ಎದುರಿಗೆ ನಿಂತು ಊರ ಕಡೆಯ ಬಸ್ಸು ಹಿಡಿದೆ.

ಮೇ ಇಪ್ಪತ್ತೆರಡರ ಬೆಳಿಗ್ಗೆ ಉಳವಪ್ಪ ತಾನಾಗಿಯೇ ಪೆಟ್ಟಿಗೆ ಹಿಡಿದು ಮನೆಗೆ ಬಂದ. ಒಂದೂವರೆ ತಿಂಗಳ ಗಡ್ಡವನ್ನು ಒಂದು ಹನಿ ರಕ್ತ ಬರದಂತೆ ತೆಗೆದು, "ಮುಂಬಯಿಯವರು ಹಿಂಗ ಮಾಡ್ತಾರೇನ್ರಿ?" ಎಂದು ಕನ್ನಡಿ ಹಿಡಿದ. ಎರಡು ಚುಕ್ಕೆಗಳೂ ಇದ್ದಲ್ಲೇ ಇದ್ದವು.

ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಒಂದು ಮಾತು ಕೇಳಲು ಸಂಬಂಧ ಇಲ್ಲದವರೂ ಬಂದಿದ್ದರು. ಅಕ್ಕಿಕಾಳು ಬೀಳುವ ಹೊತ್ತಾಯಿತು. ತಿಪ್ಪವ್ವ ವಾಲಗದವರನ್ನು ಕೈ ಮಾಡಿ ನಿಲ್ಲಿಸಿ, ಬಾಡಿಗೆಯ ಮೈಕನ್ನು ತಾನೇ ಎತ್ತಿ ತಂದು ನನ್ನ ಬಾಯಿಗೆ ಹಿಡಿದಳು. "ಅನ್ರಿ ಬೀಗರ. ಮೂರೂ ನೆನಪ ಇಟ್ಟು ಅನ್ರಿ."

ನಾನು ಅನ್ನವ್ವನನ್ನು ನೋಡಿದೆ. ಬಾಸಿಂಗ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದಳು. ಹೇಳಬೇಕಾದದ್ದನ್ನೆಲ್ಲ ಬೆಳಗಿನಿಂದ ಬಾಯಿಪಾಠ ಮಾಡಿದ್ದೆ. ಒಂದು ಅಕ್ಷರವೂ ಬರಲಿಲ್ಲ. ಕಣ್ಣು ತುಂಬಿತು, ಇಡೀ ಚಪ್ಪರ ನನ್ನ ತುಟಿಯನ್ನೇ ನೋಡುತ್ತಿತ್ತು. ಕೊನೆಗೆ ಹನ್ನೊಂದು ವರ್ಷದ ರೂಢಿಯೇ ಬಾಯಿ ಬಿಡಿಸಿತು.

"ಹೇಳಾಕ... ಹೇಳಾಕ ಬರೂದಿಲ್ಲವಾ..."

ಚಪ್ಪರವೆಲ್ಲ ಹೌಹಾರಿತು. ತಿಪ್ಪವ್ವನ ಕೈಯಲ್ಲಿದ್ದ ಮೈಕು ಕುಂಯ್ ಎಂದು ಕೂಗಿತು. ಅನ್ನವ್ವ ಮಾತ್ರ ತಲೆ ಎತ್ತಿದಳು. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕಳು, ಮತ್ತು ಗೊಂಬೆಗಳಿಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ ಹೇಳಿದಳು:

"ಹೊತ್ತಾದ್ರೂ ಬರತೈತ್ರಿ. ಕುಂದರ್ರಿ."

ಫಕ್ಕೀರಪ್ಪ ಮೊದಲನೆಯ ಸಲ ನೆಲ ಬಿಟ್ಟು ಮೇಲೆ ನೋಡಿ ಜೋರಾಗಿ ನಕ್ಕ. ಮಂಜವ್ವ ಅಕ್ಕಿಕಾಳು ಎಸೆದಳು, ಚಮನಬಿ ಎಸೆದಳು, ಎಲ್ಲರೂ ಎಸೆದರು. ನನ್ನ ತಲೆಯ ಮೇಲೂ ಬಿದ್ದವು.

ಬೀಗರು ಮದುಮಗಳನ್ನು ಕರೆದುಕೊಂಡು ಐದರ ಬಸ್ಸಿಗೆ ಹೋಗುವುದಿತ್ತು. ಐದರ ಬಸ್ಸು ಯಾವತ್ತೂ ಆರರೊಳಗೆ ಬಂದದ್ದಿಲ್ಲ ಎಂಬುದು ಹಾನಗಲ್ಲಿನವರಿಗೂ ಗೊತ್ತಿದ್ದ ಸಂಗತಿ. ಹೀಗಾಗಿ ನಲವತ್ತು ಜನ ಚಪ್ಪರದಲ್ಲೇ ಕಾಲು ಚಾಚಿ ಸವಣೂರ ಎಲೆ ಹಾಕಿಕೊಳ್ಳುತ್ತ ಕೂತರು. ಬಸ್ಸು, ನನ್ನ ನೌಕರಿಯಲ್ಲೇ ಮೊದಲ ಸಲ, ಐದಕ್ಕೆ ಸರಿಯಾಗಿ ಬಂತು. ಸ್ಟ್ಯಾಂಡಿನಲ್ಲಿ ಯಾರೂ ಇಲ್ಲದ್ದನ್ನು ನೋಡಿ ಐದು ನಿಮಿಷ ನಿಂತು, ಖಾಲಿ ಹೋಯಿತು. ಅದರ ಹಾರ್ನು ಕೇಳಿ ನಲವತ್ತು ಜನ ಎದ್ದು ಓಡಿದರು. ಓಡಿದವರು ಧೂಳು ನೋಡಿಕೊಂಡು ತಿರುಗಿ ಬಂದರು. ಮಂಜವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು. ಅನ್ನವ್ವ ತಾಳಿ ಕಟ್ಟಿಸಿಕೊಂಡ ಕೊರಳಲ್ಲೇ ಅಡಿಗೆಮನೆಗೆ ಹೋಗಿ ತಾಯಿಯ ಪಕ್ಕ ಕೂತಳು.

ತಿಪ್ಪವ್ವ ಏದುಸಿರು ಬಿಡುತ್ತ ನನ್ನ ಎದುರಿಗೆ ಬಂದು ನಿಂತಳು. ನನ್ನ ತುಟಿಯನ್ನು ಆ ಕಡೆಯಿಂದ ನೋಡಿದಳು, ಈ ಕಡೆಯಿಂದ ನೋಡಿದಳು.

"ಬೀಗರ, ಖರೇ ಹೇಳ್ರಿ. ಮನಸಿನ್ಯಾಗ ಏನಂದ್ರಿ?"

ನೋಡಿ, ಹೀಗೂ ಉಂಟೇ? ಬಾಯಿ ಬಿಟ್ಟರೂ ತಪ್ಪು, ಮುಚ್ಚಿಕೊಂಡಿದ್ದರೂ ತಪ್ಪು! ಮಗಳು ಇನ್ನೊಂದು ದಿನ ಇದ್ದು ಹೋಗಲಿ ಎಂದು ನಾನು ಅಂದುಕೊಂಡದ್ದು ನಿಜ. ಆದರೆ ತುಟಿ ಮಾತ್ರ ಬಿಚ್ಚಿರಲಿಲ್ಲ, ದೇವರಾಣೆ.